ಪ್ರೋಟಾನ್ ಚಿಕಿತ್ಸೆಯಲ್ಲಿ ಅನುಕರಣದ ಪ್ರಾಮಾಣ್ಯ

ಕ್ಯಾನ್ಸರ್ ರೋಗಕ್ಕೆ ಪ್ರೋಟಾನ್ ಕಿರಣಗಳಿಂದ ಚಿಕಿತ್ಸೆ ಮಾಡುವಾಗ, ರೋಗಿಯ ದೇಹದೊಳಗೆ ಯಾವ ಎಡೆಗೆ ಎಷ್ಟು ಡೋಸು ಸೇರುವುದೆಂಬುದನ್ನು ಮುಂಚಿತವಾಗಿ ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ಕ್ರಮವೊಂದುಂಟು. ಅದಕ್ಕೆ ಮಾಂಟೆ ಕಾರ್ಲೊ ಅನುಕರಣವೆಂದು ಹೆಸರು. ಅಮೆರಿಕಾದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಭೌತವಿಜ್ಞಾನಿಗಳಾದ ಹೆರಾಲ್ಡ್ ಪಗಾನೆಟ್ಟಿಯವರು ೨೦೧೨ನೆಯ ಇಸವಿಯಲ್ಲಿ ‘ಫಿಸಿಕ್ಸ್ ಇನ್ ಮೆಡಿಸಿನ್ ಅಂಡ್ ಬಯಾಲಜಿ’ ಎಂಬ ಪತ್ರಿಕೆಯಲ್ಲಿ ಈ ಕ್ರಮದ ಬಲಾಬಲಗಳನ್ನು ಕುರಿತು ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಒಂದು ದಶಕಕ್ಕೂ ಮೇಲ್ಪಟ್ಟು ಕಾಲ ಕಳೆದಿದ್ದರೂ ಆ ಶಾಸ್ತ್ರದವರು ಈ ಸಮೀಕ್ಷೆಯನ್ನು ಇಂದಿಗೂ ಆಕರವಾಗಿ ಹಿಡಿಯುತ್ತಾರೆ. ಅದನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಭೌತವಿಜ್ಞಾನದ ಲೇಖನವೊಂದಕ್ಕೆ ಸಾಹಿತ್ಯವಿಚಾರದ ಪತ್ರಿಕೆಯಲ್ಲಿ ಸ್ಥಳವೇಕೆ ಎಂದು ವಾಚಕರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದು. ‘ಅನುಕರಣ’ವೆಂಬುದು ನಮ್ಮ ಅಲಂಕಾರಶಾಸ್ತ್ರದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ದೊಡ್ಡ ವಾದಕ್ಕೆ ವಿಷಯವಾಗಿದ್ದ ಪದ. ‘ಪ್ರಮಾಣ’ವೆಂಬುದು ತರ್ಕಶಾಸ್ತ್ರದ ಮೊದಲನೆಯ ಪದಾರ್ಥ. ಅನುಕರಣದಿಂದ ಪ್ರಮಾಜ್ಞಾನವು ಹುಟ್ಟಬಲ್ಲುದೆ, ಹುಟ್ಟಿದರೆ ಎಷ್ಟರ ಮಟ್ಟಿಗೆ, ಎಂಬುದೇ ಈ ಸಮೀಕ್ಷೆಯೊಳಗಿನ ತಿರುಳು. ಯಂತ್ರವಿಷಯದಲ್ಲಿ ಈ ಲೇಖಕನಿಗೆ ಅಧಿಕಾರವಿಲ್ಲ. ಶಬ್ದಾರ್ಥವಿಚಾರ ಮತ್ತು ಹೇತುವಿಚಾರಗಳಷ್ಟನ್ನೇ ಇಲ್ಲಿ ಕೈಕೊಂಡಿದೆ. ಕನ್ನಡದಲ್ಲಿ ಕಿರಣದ ಡೋಸನ್ನು ‘ವಿಕಿರಣ ಪ್ರಮಾಣ’ವೆಂದು ಕರೆಯುವ ವಾಡಿಕೆಯಿದೆ. ಜ್ಞಾನಸಾಧನವೆಂಬ ಅರ್ಥದ ‘ಪ್ರಮಾಣ’ದೊಡನೆ ಅದು ಬೆರೆಯಬಾರದೆಂದು ಇಲ್ಲಿ ‘ಡೋಸು’ ಎಂದೇ ಬರೆಯಲಾಗಿದೆ. ಕಿರಣವು ದೇಹದೊಳಗೆ ಹೋಗಿ ನಿಲ್ಲುವವರೆಗಿನ ಅಳತೆಯನ್ನು, ‘ವ್ಯಾಪ್ತಿ’ಯೆಂದರೆ ಅದೇ ಬಗೆಯ ಗೊಂದಲವಾಗುವುದರಿಂದ, ‘ಪ್ರವೇಶದೂರ’ವೆಂದಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಕ್ಷ-ಕಿರಣವು ದೇಹವನ್ನು ಹೊಕ್ಕು ಇನ್ನೊಂದು ಪಕ್ಕದಿಂದ ಹೊರಬೀಳುತ್ತದೆ. ದಾರಿಯುದ್ದಕ್ಕೂ ರೋಗವಿರುವ ಎಡೆಗೂ ಇಲ್ಲದ ಎಡೆಗೂ ತನ್ನ ಶಕ್ತಿಯನ್ನು ಹಂಚುತ್ತದೆ. ಪ್ರೋಟಾನಿನ ನಡೆ ಬೇರೆ. ಅದು ಮೊದಮೊದಲು ಅಲ್ಪವಾಗಿ ಶಕ್ತಿಯನ್ನು ವ್ಯಯಮಾಡುತ್ತ, ವೇಗವು ಕುಂದಿದಂತೆಲ್ಲ ಹೆಚ್ಚು ವ್ಯಯಮಾಡಿ, ನಿಲ್ಲುವ ಎಡೆಯಲ್ಲಿ ಉಳಿದುದನ್ನೆಲ್ಲ ಸುರಿದುಬಿಡುತ್ತದೆ. ಆ ಮುಂದೆ ಅದರಿಂದ ಡೋಸು ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು. ಈ ಶಿಖರರೂಪವಾದ ವ್ಯಯವನ್ನು ಆಲ್ಫಾ ಕಣಗಳಲ್ಲಿ ೧೯೦೪ರ ಸುಮಾರಿಗೆ ಕಂಡುಹಿಡಿದವರು ವಿಲಿಯಂ ಹೆನ್ರಿ ಬ್ರ್ಯಾಗ್. ಕಣಗಳ ಶಕ್ತಿವ್ಯಯಕ್ಕೆ ಸೂತ್ರವನ್ನು ೧೯೩೦ರಲ್ಲಿ ರಚಿಸಿದವರು ಹಾನ್ಸ್ ಬೆಥೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ೧೯೪೬ರಲ್ಲಿ ಪ್ರತಿಪಾದಿಸಿದವರು ರಾಬರ್ಟ್ ವಿಲ್ಸನ್. ೧೯೫೪ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ೧೯೯೦ರಲ್ಲಿ ಲೋಮಾ ಲಿಂಡಾ ಎಂಬಲ್ಲಿ ಆಸ್ಪತ್ರೆಗೇ ಸೇರಿದ ಯಂತ್ರವು ಸ್ಥಾಪಿತವಾಯಿತು. ನಮ್ಮ ನೆರೆಯ ಚೆನ್ನೈ ನಗರದಲ್ಲಿ ೨೦೧೯ರಿಂದ ಈ ಚಿಕಿತ್ಸೆ ದೊರೆಯುತ್ತಿದೆ.

೭೦ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯುಳ್ಳ ಪ್ರೋಟಾನು ನೀರಿನಲ್ಲಿ ಸುಮಾರು ೪ ಸೆಂಟಿಮೀಟರ್ ಹೋಗಿ ನಿಲ್ಲುವುದು. ೧೫೦ರದು ಸುಮಾರು ೧೬, ೨೩೦ರದು ಸುಮಾರು ೩೩ ಸೆಂಟಿಮೀಟರ್. ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಲ್ಲಿಸಬಹುದೆಂಬುದು ಇದರ ಗುಣ. ಆ ಗುಣವೇ ಅಪಾಯಕ್ಕೂ ಮೂಲ. ಕ್ಷ-ಕಿರಣದಲ್ಲಿ ಆಳದ ಲೆಕ್ಕವು ಕೆಲವು ಮಿಲಿಮೀಟರ್ ತಪ್ಪಿದರೆ ಡೋಸು ತುಸು ಹೆಚ್ಚುಕಡಮೆಯಾಗುವುದು, ಅಷ್ಟೆ. ಪ್ರೋಟಾನು ಅಷ್ಟೇ ತಪ್ಪಿದರೆ, ಗೆಡ್ಡೆಯ ಹಿಂಬದಿಯ ಅಂಚಿಗೆ ಡೋಸೇ ಮುಟ್ಟದೆ ರೋಗವು ಉಳಿದುಕೊಂಡೀತು. ಅಥವಾ ಗೆಡ್ಡೆಯ ಹಿಂದಿರುವ ಮಿದುಳಿನ ಕಾಂಡಕ್ಕೋ ಬೆನ್ನುಹುರಿಗೋ ಶಿಖರದ ಡೋಸು ಬಿದ್ದೀತು. ಆದಕಾರಣ ವೈದ್ಯರು ಗೆಡ್ಡೆಯನ್ನು ದಾಟಿ ಸ್ವಲ್ಪ ದೂರವನ್ನು ಬೇಕೆಂದೇ ಸೇರಿಸಿಕೊಳ್ಳುತ್ತಾರೆ. ಇದನ್ನು ‘ಅಂಚು’ ಎಂದು ಕರೆಯೋಣ. ಪಗಾನೆಟ್ಟಿಯವರು ಕೊಟ್ಟಿರುವಂತೆ, ಬಾಸ್ಟನ್ನಿನಲ್ಲಿ ಈ ಅಂಚು ಪ್ರವೇಶದೂರದ ಶೇಕಡ ೩.೫ರ ಮೇಲೆ ೧ ಮಿಲಿಮೀಟರ್. ಲೋಮಾ ಲಿಂಡಾ ಮುಂತಾದ ಕಡೆಗಳಲ್ಲಿ ಶೇಕಡ ೩.೫ರ ಮೇಲೆ ೩ ಮಿಲಿಮೀಟರ್. ಫ್ಲಾರಿಡಾದಲ್ಲಿ ಶೇಕಡ ೨.೫ರ ಮೇಲೆ ೧.೫ ಮಿಲಿಮೀಟರ್. ಇಪ್ಪತ್ತು ಸೆಂಟಿಮೀಟರ್ ಆಳದ ಗೆಡ್ಡೆಗೆ ಇವು ಕ್ರಮವಾಗಿ ೮, ೧೦, ೬.೫ ಮಿಲಿಮೀಟರ್ ಆಗುವುವು. ಅಂಚೆಂದರೆ ಕಾಗದದ ಮೇಲಣ ಲೆಕ್ಕವಲ್ಲ. ಅಷ್ಟು ಗಾತ್ರದ ನಿರೋಗವಾದ ಜೀವಂತ ಅಂಗಾಂಶವು ಅನಿಶ್ಚಯದ ದೆಸೆಯಿಂದ ಡೋಸಿಗೆ ಗುರಿಯಾಗುತ್ತದೆ. ಅಂಚನ್ನು ಕುಗ್ಗಿಸಬಲ್ಲ ಜ್ಞಾನಸಾಧನವು ದೊರೆತರೆ ಅದು ಲೋಕೋಪಕಾರಕವೇ ಸರಿ. ದೊರೆಯದೆ ದೊರೆತಿದೆಯೆಂದು ಭ್ರಮಿಸಿದರೆ ಅನರ್ಥ.

ಇನ್ನು ಅನುಕರಣದ ವಿಚಾರ. ೧೯೪೬ರಲ್ಲಿ ಸ್ಟಾನಿಸ್ಲಾ ಉಲಾಮ್ ಎಂಬ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟಿನ ಆಟವಾಡುತ್ತಿದ್ದಾಗ, ಆಟವು ಗೆಲ್ಲುವ ಸಂಭವವನ್ನು ಸೂತ್ರದಿಂದ ಲೆಕ್ಕಹಾಕುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವಲ್ಲವೆ ಎಂದು ಯೋಚಿಸಿದರು. ಜಾನ್ ಫಾನ್ ನಾಯ್ಮನ್ನರು ಅದನ್ನು ಗಣಕಯಂತ್ರಕ್ಕೆ ಅಳವಡಿಸಿದರು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೊ ಊರಿನ ಹೆಸರನ್ನು ಇಟ್ಟವರು ನಿಕೋಲಾಸ್ ಮೆಟ್ರೊಪೊಲಿಸ್. ಈ ಹೆಸರಿನಿಂದಲೇ ಅವರೂ ಉಲಾಮರೂ ೧೯೪೯ರಲ್ಲಿ ಲೇಖನವನ್ನು ಪ್ರಕಟಿಸಿದರು. ಪ್ರಕೃತದಲ್ಲಿ, ಒಂದೊಂದು ಪ್ರೋಟಾನನ್ನೂ ಗಣಕಯಂತ್ರದೊಳಗಣ ದೇಹದಲ್ಲಿ ಹರಿಯಬಿಟ್ಟು, ಅದು ಎಲ್ಲೆಲ್ಲಿ ಬಾಗುವುದು, ಯಾವ ಪರಮಾಣುಗರ್ಭಕ್ಕೆ ತಾಗುವುದು, ಎಷ್ಟು ಶಕ್ತಿಯನ್ನು ಬಿಡುವುದು ಎಂಬುದನ್ನು ಸಂಭವಗಳಿಗನುಸಾರವಾಗಿ ದಾಳಹಾಕಿದಂತೆ ನಿರ್ಣಯಿಸಿ, ಹೀಗೆ ಲಕ್ಷೋಪಲಕ್ಷ ಪ್ರೋಟಾನುಗಳ ಚರಿತ್ರೆಗಳನ್ನು ಕೂಡಿಸುತ್ತಾರೆ. ಯೂರೋಪಿನ ಸರ್ನ್ ಸಂಸ್ಥೆಯಿಂದ ೧೯೯೮ರಲ್ಲಿ ಹೊರಬಂದ ಜಿಯಾಂಟ್-೪ ಎಂಬುದೂ, ಅದರ ಮೇಲೆ ರಚಿತವಾದ ಟೋಪಾಸ್ ಎಂಬುದೂ ಈ ಕಾರ್ಯಕ್ಕೆ ಪ್ರಸಿದ್ಧವಾದ ಗಣಕಗ್ರಂಥಗಳು. ನಿತ್ಯದ ಯೋಜನೆಗೆ ಬಹುಕಾಲ ಬಳಕೆಯಲ್ಲಿದ್ದುದು ‘ಪೆನ್ಸಿಲ್ ಕಿರಣ’ವೆಂಬ ಸಂಕ್ಷಿಪ್ತ ಗಣನೆ. ಅದು ಶೀಘ್ರವಾದುದು, ಆದರೆ ಮೂಳೆ, ಗಾಳಿ, ಮಾಂಸಗಳು ಒಂದರ ಪಕ್ಕದಲ್ಲೊಂದು ಬರುವ ಎಡೆಯಲ್ಲಿ ಕಿರಣದ ಚೆದರುವಿಕೆಯನ್ನು ಸರಿಯಾಗಿ ಹಿಡಿಯಲಾರದು. ಅಲ್ಲಿ ಅದನ್ನು ಪರೀಕ್ಷಿಸಲು ಮಾಂಟೆ ಕಾರ್ಲೊ ಅನುಕರಣವೇ ಒರೆಗಲ್ಲು ಎಂಬ ಮಾತು ಈ ಶಾಸ್ತ್ರದವರಲ್ಲಿ ರೂಢಿಯಾಗಿದೆ.

ಪಗಾನೆಟ್ಟಿಯವರ ಸಮೀಕ್ಷೆಯ ದೊಡ್ಡ ಗುಣವೆಂದರೆ, ಅನಿಶ್ಚಯವನ್ನು ಒಂದೇ ರಾಶಿಯಾಗಿ ನೋಡದೆ ಬಿಡಿಬಿಡಿಯಾಗಿ ವಿಂಗಡಿಸಿ, ಒಂದೊಂದಕ್ಕೂ ಅನುಕರಣವಿಲ್ಲದಾಗ ಎಷ್ಟು, ಇದ್ದಾಗ ಎಷ್ಟು ಎಂದು ಒಂದು ಪಟ್ಟಿಕೆಯಲ್ಲಿ ಕೊಟ್ಟಿರುವುದು. ಅವರ ನಿರ್ಣಯದಂತೆ, ಸಾಮಾನ್ಯವಾದ ಎಡೆಗಳಲ್ಲಿ ಅನುಕರಣವಿಲ್ಲದೆ ಅನಿಶ್ಚಯವು ಶೇಕಡ ೨.೭ರ ಮೇಲೆ ೧.೨ ಮಿಲಿಮೀಟರ್, ಅಂಗಾಂಶಗಳು ಜಟಿಲವಾಗಿ ಬೆರೆತ ಎಡೆಗಳಲ್ಲಿ ಶೇಕಡ ೪.೬ರ ಮೇಲೆ ೧.೨ ಮಿಲಿಮೀಟರ್. ಅನುಕರಣವನ್ನು ಬಳಸಿದರೆ ಎರಡು ಕಡೆಯೂ ಶೇಕಡ ೨.೪ರ ಮೇಲೆ ೧.೨ ಮಿಲಿಮೀಟರ್. ಹಿಂದಿನ ಉದಾಹರಣೆಯಂತೆ ಇಪ್ಪತ್ತು ಸೆಂಟಿಮೀಟರ್ ಆಳವನ್ನು ಇಟ್ಟುಕೊಂಡು ನೋಡೋಣ. ಜಟಿಲವಾದ ಎಡೆಯಲ್ಲಿ ೧೦.೪ ಮಿಲಿಮೀಟರ್ ೬ಕ್ಕೆ ಇಳಿಯುವುದು. ಇದು ಮಹತ್ತಾದ ಲಾಭ. ರೂಢಿಯಲ್ಲಿದ್ದ ೮ ಮಿಲಿಮೀಟರಿನ ಅಂಚು ಅಂತಹ ಎಡೆಗೆ ಸಾಲದಾಗಿತ್ತೆಂಬುದೂ ಇದರಿಂದ ಅರ್ಥಾತ್ ಸಿದ್ಧಿಸುತ್ತದೆ. ಸಾಮಾನ್ಯ ಎಡೆಯಲ್ಲಾದರೋ ೬.೬ ಮಿಲಿಮೀಟರ್ ೬ಕ್ಕೆ ಇಳಿಯುವುದು. ಲಾಭವು ಒಂದು ಮಿಲಿಮೀಟರಿನಷ್ಟೂ ಇಲ್ಲ. ಈ ವ್ಯತ್ಯಾಸವನ್ನು ಗ್ರಂಥಕರ್ತರು ಮರೆಮಾಚಿಲ್ಲ. ಅವರನ್ನು ಉದ್ಧರಿಸುವವರು ಮಾತ್ರ ಇದನ್ನು ಮರೆಯಬಾರದು.

ಉಳಿದ ಆ ಶೇಕಡ ೨.೪ ಎಲ್ಲಿಂದ ಬಂತೆಂದು ಪಟ್ಟಿಕೆಯನ್ನು ಬಿಡಿಸಿ ನೋಡಬೇಕು. ಸಿ.ಟಿ. ಚಿತ್ರದ ದೋಷ ೦.೫, ಚಿತ್ರದಿಂದ ಅಂಗಾಂಶವನ್ನು ಊಹಿಸುವ ದೋಷ ೦.೨, ಚಿತ್ರದ ಕಣಗಾತ್ರದ ದೋಷ ೦.೩, ಅಂಗಾಂಶಗಳ ‘ಸರಾಸರಿ ಉತ್ತೇಜನಶಕ್ತಿ’ಯ ದೋಷ ೧.೫, ಜಟಿಲತೆಯಿಂದ ಬರುವ ಎರಡು ದೋಷಗಳು ತಲಾ ೦.೧. ಇವುಗಳ ವರ್ಗಗಳನ್ನು ಕೂಡಿಸಿದರೆ ೨.೬೫ ಆಗುವುದು. ಅದರ ಮೂಲವನ್ನು ಒಂದೂವರೆಯಿಂದ ಗುಣಿಸಿದರೆ ಗ್ರಂಥೋಕ್ತವಾದ ೨.೪ ಲಭಿಸುತ್ತದೆ. ಈ ೨.೬೫ರಲ್ಲಿ ೨.೨೫ರಷ್ಟು ಭಾಗವು ಉತ್ತೇಜನಶಕ್ತಿಯೊಂದರದೇ. ಅನುಕರಣವಿಲ್ಲದ ಸಾಲಿನಲ್ಲಿಯೂ ಅದು ೧.೫, ಅನುಕರಣವಿರುವ ಸಾಲಿನಲ್ಲಿಯೂ ೧.೫. ಅನುಕರಣದಿಂದ ಅದು ಕೂದಲೆಳೆಯಷ್ಟೂ ಕದಲಿಲ್ಲ. ಸಿ.ಟಿ. ಚಿತ್ರದ ದೋಷವೂ ಹಾಗೆಯೇ. ನಮ್ಮ ವಿಮರ್ಶೆಯ ಮುಖ್ಯಾಂಶವು ಇಲ್ಲಿದೆ.

ಅನುಮಾನದಲ್ಲಿ ದೋಷವು ಎರಡು ಬಗೆಯಿಂದ ಬರಬಹುದು. ಹೇತುವೂ ವ್ಯಾಪ್ತಿಯೂ ಸರಿಯಾಗಿದ್ದು, ಅವುಗಳಿಂದ ನಿಗಮನಕ್ಕೆ ಬರುವ ದಾರಿಯಲ್ಲಿ ತಪ್ಪುವುದು ಒಂದು. ದಾರಿ ಸರಿಯಾಗಿದ್ದು, ಹೇತುವೋ ವ್ಯಾಪ್ತಿಯೋ ದುಷ್ಟವಾಗಿರುವುದು ಇನ್ನೊಂದು. ಮೊದಲನೆಯದನ್ನು ಗಣನದೋಷವೆಂದೂ ಎರಡನೆಯದನ್ನು ಹೇತುದೋಷವೆಂದೂ ಕರೆಯಬಹುದು. ಪೆನ್ಸಿಲ್ ಕಿರಣದ ಸಂಕ್ಷೇಪದಿಂದಾದುದು ಗಣನದೋಷ. ಮಾಂಟೆ ಕಾರ್ಲೊ ಅದನ್ನು ಬಹುಮಟ್ಟಿಗೆ ಕಳೆಯಿತು. ಆದರೆ ಹೇತುವೆಲ್ಲಿಂದ ಬಂತು? ರೋಗಿಯ ದೇಹವನ್ನು ಗಣಕಯಂತ್ರವು ಅರಿಯುವುದು ಸಿ.ಟಿ. ಚಿತ್ರದಿಂದ. ಆ ಚಿತ್ರವು ಹೇಳುವುದು ಕ್ಷ-ಕಿರಣವು ದೇಹದಲ್ಲಿ ಎಷ್ಟು ಕುಂದಿತೆಂಬುದನ್ನು. ಅದರಿಂದ, ಪ್ರೋಟಾನು ಎಷ್ಟು ಕುಂದೀತೆಂದು ಊಹಿಸಬೇಕು. ಕ್ಷ-ಕಿರಣಕ್ಕೆ ಸಮಾನವಾಗಿ ತೋರುವ ಎರಡು ಪದಾರ್ಥಗಳು ಪ್ರೋಟಾನಿಗೆ ಸಮಾನವಾಗಿರಬೇಕೆಂಬ ನಿಯಮವಿಲ್ಲ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ವ್ಯಾಪ್ತಿಗೆ ವ್ಯಭಿಚಾರವುಂಟು. ಪೆನ್ಸಿಲ್ ಕಿರಣದ ಗಣನೆಗೂ ಇದೇ ಚಿತ್ರ, ಮಾಂಟೆ ಕಾರ್ಲೊವಿಗೂ ಇದೇ ಚಿತ್ರ. ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡಿದರೆ ಸತ್ಯಕ್ಕೆ ಬಲ ಬರುವುದೆಂಬುದು ನಿಜ. ಆದರೆ ಅವರಿಬ್ಬರೂ ಮೂರನೆಯವನೊಬ್ಬನಿಂದ ಕೇಳಿ ಹೇಳುತ್ತಿದ್ದರೆ ಅದು ಒಂದೇ ಸಾಕ್ಷ್ಯ.

ಉತ್ತೇಜನಶಕ್ತಿಯ ಕಥೆ ಇನ್ನೂ ಬೋಧಪ್ರದವಾದುದು. ಬೆಥೆಯವರ ಸೂತ್ರದಲ್ಲಿ ಇದು ಪದಾರ್ಥದಿಂದ ಪದಾರ್ಥಕ್ಕೆ ಬೇರೆಯಾಗುವ ಒಂದು ಸಂಖ್ಯೆ. ಎಲ್ಲ ಪದಾರ್ಥಗಳಿಗಿಂತ ಹೆಚ್ಚಾಗಿ ಪರೀಕ್ಷಿತವಾದ ನೀರಿಗೇ ಅಂತಾರಾಷ್ಟ್ರೀಯ ವಿಕಿರಣ ಮಾನಗಳ ಆಯೋಗವು ಮೊದಲು ೭೫ ಎಲೆಕ್ಟ್ರಾನ್ ವೋಲ್ಟ್ ಎಂದು ನಿರ್ದೇಶಿಸಿ, ೨೦೧೬ರಲ್ಲಿ ಪ್ರಕಟವಾದ ತನ್ನ ತೊಂಬತ್ತನೆಯ ವರದಿಯಲ್ಲಿ ೭೮ ಎಂದು ತಿದ್ದಿತು. ಈ ತಿದ್ದುಪಾಡಿನಿಂದ ನೀರಿನ ಪ್ರತಿರೋಧದ ಲೆಕ್ಕವು ಶೇಕಡ ಅರ್ಧದಷ್ಟು ಇಳಿಯುವುದು. ಇಪ್ಪತ್ತು ಸೆಂಟಿಮೀಟರಿಗೆ ಸುಮಾರು ಒಂದು ಮಿಲಿಮೀಟರ್. ಕಿರಣದ ಪ್ರವೇಶದೂರವನ್ನು ನೀರಿನಲ್ಲಿ ನೇರವಾಗಿ ಅಳೆದೇ ಯಂತ್ರವನ್ನು ಹೊಂದಿಸುವುದರಿಂದ ಇದಿಷ್ಟೂ ರೋಗಿಯ ಮೇಲೆ ಬೀಳದೆಂಬುದನ್ನು ಒಪ್ಪಬೇಕು. ಆದರೆ ಜೀವಂತವಾದ ಮೇದಸ್ಸಿಗೂ ಮೂಳೆಗೂ ಮಿದುಳಿಗೂ ಹಾಗೆ ಅಳೆದುಕೊಳ್ಳುವ ಅವಕಾಶವೆಲ್ಲಿ? ಅವುಗಳ ಮೂಲದ್ರವ್ಯಗಳ ಸಂಖ್ಯೆಗಳನ್ನು ಕೂಡಿಸಿ ಊಹಿಸುವುದೇ ಗತಿ.

ಈ ದೃಷ್ಟಿಯಿಂದ ನೋಡಿದರೆ, ಗ್ರಂಥಕರ್ತರು ದೋಷಗಳನ್ನು ಕೂಡಿಸಿರುವ ಬಗೆಯಲ್ಲಿ ನಮಗೊಂದು ಶಂಕೆಯುಂಟು. ವರ್ಗಗಳನ್ನು ಕೂಡಿಸಿ ಮೂಲವನ್ನು ತೆಗೆಯುವ ಕ್ರಮವು, ದೋಷಗಳು ಪರಸ್ಪರ ನಿರಪೇಕ್ಷವಾಗಿರುವಾಗ ಯುಕ್ತವಾದುದು. ಕೂಡಿಬಂದ ಮೊತ್ತವನ್ನು ದಿನದಿನವೂ ಅತ್ತಿತ್ತ ಚಲಿಸುವ ದೋಷವೆಂದು ಓದುವುದು ಸುಲಭ. ರೋಗಿಯನ್ನು ಮಲಗಿಸುವಲ್ಲಿ ಆಗುವ ವ್ಯತ್ಯಾಸವು ಅಂತಹದು. ಇಂದು ಹೆಚ್ಚಾದರೆ ನಾಳೆ ಕಡಮೆಯಾದೀತು, ಮೂವತ್ತು ದಿನಗಳ ಚಿಕಿತ್ಸೆಯಲ್ಲಿ ಒಂದನ್ನೊಂದು ಸರಿತೂಗೀತು. ಉತ್ತೇಜನಶಕ್ತಿಯ ದೋಷವು ಅಂತಹದಲ್ಲ. ಅದು ಇರುವ ದಿಕ್ಕಿನಲ್ಲಿಯೇ ಇರುತ್ತದೆ. ಮೂವತ್ತು ದಿನವೂ, ಅದೇ ಸಂಖ್ಯೆಯನ್ನು ಬಳಸುವ ಎಲ್ಲ ರೋಗಿಗಳಲ್ಲಿಯೂ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಇವೆರಡನ್ನೂ ಒಂದೇ ಅಂಕೆಯೊಳಗೆ ಅಡಗಿಸಿದರೆ ಓದುವವನಿಗೆ ಭೇದವು ತೋರದು. ಇನ್ನೊಂದು ಮಾತು. ಒಂದೂವರೆ ಪಾಲು ವಿಚಲನವನ್ನು ತೆಗೆದುಕೊಂಡಲ್ಲಿ, ಸಾಮಾನ್ಯವಿತರಣೆಯನ್ನು ಒಪ್ಪಿದರೂ, ನೂರಕ್ಕೆ ಸುಮಾರು ಹದಿಮೂರು ಸಂದರ್ಭಗಳು ಅಂಚಿನ ಹೊರಗೆ ಉಳಿಯುತ್ತವೆ. ಪ್ರೋಟಾನು ತನ್ನ ಓಟದ ಕೊನೆಯಲ್ಲಿ ಜೀವಕೋಶಗಳ ಮೇಲೆ ಮಾಡುವ ಹೆಚ್ಚಿನ ಪರಿಣಾಮವನ್ನು ಪಟ್ಟಿಕೆಯಲ್ಲಿ ಹೆಸರಿಸಿಯೂ ಮೊತ್ತದಿಂದ ಹೊರಗಿಟ್ಟಿದೆ. ಅದನ್ನು ಹೊರಗಿಡುವುದಕ್ಕೆ ಕಾರಣವಿರಬಹುದು. ಆದರೆ ಮೊತ್ತವನ್ನಷ್ಟೇ ಎತ್ತಿಕೊಳ್ಳುವವರಿಗೆ ಅದು ಇಲ್ಲವೆಂದೇ ತೋರೀತು.

ಇಲ್ಲಿ ನಮ್ಮ ಅಲಂಕಾರಿಕರ ಹಳೆಯ ವಾದವು ನೆನಪಿಗೆ ಬರುತ್ತದೆ. ನಟನು ರಾಮನ ರತಿಯನ್ನು ಅನುಕರಿಸುತ್ತಾನೆ, ಪ್ರೇಕ್ಷಕನು ಆ ಅನುಕರಣದಿಂದ ಅದನ್ನು ಅನುಮಾನಿಸುತ್ತಾನೆ, ಅದೇ ರಸವೆಂಬುದು ಶಂಕುಕನ ಮತ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವ ಜ್ಞಾನದಂತೆ, ಇದು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ ಎಂದು ಅವನು ಹೇಳಿದನು. ಅವನ ಗ್ರಂಥವು ನಮಗೆ ದೊರೆತಿಲ್ಲ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ಅದನ್ನು ಅನುವಾದಮಾಡಿ, ತನ್ನ ಗುರು ಭಟ್ಟತೌತನ ಖಂಡನೆಯನ್ನೂ ಕೊಟ್ಟಿದ್ದಾನೆ. ಖಂಡನೆಯ ಸಾರವಿಷ್ಟು: ಮೂಲವನ್ನು ಕಂಡವನಿಗಲ್ಲದೆ ಒಂದನ್ನು ಅದರ ಅನುಕರಣವೆಂದು ಹೇಳಲು ಬಾರದು, ರಾಮನ ರತಿಯನ್ನು ಕಂಡವರು ಯಾರು? ಈ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬಹುದು. ನೀರಿನ ತೊಟ್ಟಿಯಲ್ಲಿ ಅಯಾನುಮಾಪಕವನ್ನಿಟ್ಟು ಡೋಸನ್ನು ಅಳೆಯುತ್ತಾರೆ. ಅಲ್ಲಿ ಮೂಲವು ಪ್ರತ್ಯಕ್ಷ. ಆದಕಾರಣ ನೀರಿನ ಅನುಕರಣವು ಅನುಕರಣವೆಂದು ನಿಶ್ಚಯವಾಗುತ್ತದೆ. ಮೂಳೆ, ಶ್ವಾಸಕೋಶಗಳನ್ನು ಹೋಲುವ ಕೃತಕ ದೇಹಗಳಲ್ಲಿಯೂ ಅಳೆಯಬಹುದು. ಅಂತಹ ಅಳತೆಗಳ ಬಲದಿಂದಲೇ, ಶ್ವಾಸಕೋಶಕ್ಕೆ ಪೆನ್ಸಿಲ್ ಕಿರಣದ ಗಣನೆಯು ಅನರ್ಹವೆಂದು ೨೦೧೭ರಲ್ಲಿ ಅಮೆರಿಕಾದ ಸಂಶೋಧಕರು ನಿರ್ಣಯಿಸಿದರು. ಆದರೆ ಈ ರೋಗಿಯ ಈ ದೇಹದೊಳಗೆ ಸೇರಿದ ಡೋಸನ್ನು ಎಲ್ಲ ಎಡೆಗಳಲ್ಲಿಯೂ ಕಂಡವರಿಲ್ಲ. ನೀರಿನಲ್ಲಿ ದೃಷ್ಟವಾದ ಸಂವಾದವನ್ನು ದೇಹಕ್ಕೆ ಅನ್ವಯಿಸುವಾಗ ನಡುವೆ ನಿಲ್ಲುವ ಉಪಾಧಿಯೇ ಆ ಸಿ.ಟಿ. ಚಿತ್ರ. ಭಟ್ಟತೌತನ ಖಂಡನೆಯು ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದೂ ಸ್ಪಷ್ಟ. ಪ್ರೋಟಾನಿನ ನಿಯಮಗಳು ನೀರಿನಲ್ಲಿಯೂ ದೇಹದಲ್ಲಿಯೂ ಒಂದೇ. ಅನಿಶ್ಚಿತವಾದುದು ನಿಯಮವಲ್ಲ, ದೇಹದ ವಿವರ.

ಪೂರ್ವಪಕ್ಷಿಗಳು ಹೀಗೆ ಹೇಳಬಹುದು: ಪ್ರೋಟಾನು ದೇಹದಲ್ಲಿ ಸಾಗುವಾಗ ಪರಮಾಣುಗರ್ಭಗಳಿಗೆ ತಾಗಿ ಗಾಮಾ ಕಿರಣಗಳನ್ನು ಹೊಮ್ಮಿಸುತ್ತದೆ, ಪಾಸಿಟ್ರಾನನ್ನು ಸೂಸುವ ಕಾರ್ಬನ್-೧೧, ಆಕ್ಸಿಜನ್-೧೫ ಮುಂತಾದವನ್ನು ಉಂಟುಮಾಡುತ್ತದೆ, ಅವುಗಳನ್ನು ಹೊರಗಿನಿಂದ ಕಂಡು ಕಿರಣವು ಎಲ್ಲಿ ನಿಂತಿತೆಂಬುದನ್ನು ತಿಳಿಯಬಹುದು, ಇದು ಪ್ರತ್ಯಕ್ಷವಲ್ಲವೆ? ಈ ಯತ್ನಗಳು ಶ್ಲಾಘ್ಯವಾದುವು. ಮುಂದಿನ ದಾರಿಯೂ ಅವೇ. ಆದರೆ ಹೊರಗೆ ಕಾಣುವುದು ಡೋಸಲ್ಲ, ಡೋಸಿನ ಸಹಚರ. ಹೊಗೆಯನ್ನು ಕಂಡು ಬೆಂಕಿಯನ್ನು ಅರಿತಂತೆ ಇದೂ ಅನುಮಾನವೇ. ಮೇಲಾಗಿ, ಕಂಡ ಚಿತ್ರವನ್ನು ಯಾವುದರೊಡನೆ ಹೋಲಿಸುತ್ತಾರೆ? ‘ಕಾಣಬೇಕಾಗಿದ್ದ ಚಿತ್ರ’ವನ್ನು ಮಾಂಟೆ ಕಾರ್ಲೊವಿನಿಂದಲೇ ರಚಿಸಿ ಅದರೊಡನೆ ಹೋಲಿಸುವುದು ರೂಢಿ. ಪರೀಕ್ಷ್ಯವೇ ಪರೀಕ್ಷಕನ ಆಸನದಲ್ಲಿ ಅರ್ಧಭಾಗವನ್ನು ಹಂಚಿಕೊಂಡಿರುವುದನ್ನು ಮರೆಯಬಾರದು. ಹಾಗಿದ್ದರೂ, ಕಂಡುದಕ್ಕೂ ಊಹಿಸಿದುದಕ್ಕೂ ವಿಸಂವಾದವು ತೋರಿದಲ್ಲಿ, ಎಲ್ಲಿಯೋ ದೋಷವಿದೆಯೆಂಬುದು ನಿಶ್ಚಯವಾಗಿ ತಿಳಿಯುತ್ತದೆ. ಇದು ಅಲ್ಪವಾದ ಫಲವಲ್ಲ.

ಇದರಿಂದ ಅನುಕರಣದ ಪ್ರಾಮಾಣ್ಯಕ್ಕೆ ಯುಕ್ತವಾದ ಮೇರೆಯು ಗೊತ್ತಾಗುತ್ತದೆ. ಅದು ಬಾಧಕವಾಗಬಲ್ಲುದು, ತಾನೊಂದೇ ಸಾಧಕವಾಗಲಾರದು. ಪೆನ್ಸಿಲ್ ಕಿರಣದ ಯೋಜನೆಗೂ ಅನುಕರಣಕ್ಕೂ ವಿಸಂವಾದವಿದ್ದರೆ ಯೋಜನೆಯನ್ನು ತಿದ್ದಬೇಕು; ಸಂವಾದವಿದ್ದರೆ ಗಣನದೋಷವಿಲ್ಲವೆಂದಷ್ಟೇ ಹೇಳಬೇಕು, ರೋಗಿಗೆ ಡೋಸು ಹಾಗೆಯೇ ಸೇರೀತೆಂದು ಹೇಳಬಾರದು. ಪ್ರೋಟಾನುಗಳ ಎಣಿಕೆಯನ್ನು ನಾಲ್ಮಡಿಸಿದರೆ ಅಂಕಿಅಂಶದ ಅಲುಗಾಟವು ಅರ್ಧಕ್ಕೆ ಇಳಿಯುವುದು; ಹೀಗೆ ಎಷ್ಟು ಬೇಕಾದರೂ ಇಳಿಸಬಹುದು. ಆ ನಯವಾದ ಅಂಕಿಗಳನ್ನು ಕಂಡು ಸತ್ಯವು ಹತ್ತಿರ ಬಂತೆಂದು ತಿಳಿಯುವುದು ಭ್ರಾಂತಿ. ಕಮ್ಮಿಯಾದುದು ದಾಳದ ಅಲುಗಾಟವೇ ಹೊರತು ಹೇತುವಿನ ಕೊರತೆಯಲ್ಲ. ಹೇತುದೋಷಕ್ಕೆ ಔಷಧವು ಬೇರೆ: ಎರಡು ಶಕ್ತಿಗಳ ಕ್ಷ-ಕಿರಣದಿಂದ ಚಿತ್ರವನ್ನು ತೆಗೆಯುವುದು, ಪ್ರೋಟಾನಿನಿಂದಲೇ ಚಿತ್ರವನ್ನು ತೆಗೆಯಲು ಯತ್ನಿಸುವುದು, ಅಂಗಾಂಶಗಳ ಗುಣಗಳನ್ನು ಅಳೆಯುವುದು. ಈಚೆಗೆ ಯೋಜನೆಯ ಗಣಕಕ್ರಮಗಳಲ್ಲಿಯೇ ಮಾಂಟೆ ಕಾರ್ಲೊ ಸೇರಿಹೋಗಿರುವುದರಿಂದ ಎಚ್ಚರವು ಇನ್ನೂ ಹೆಚ್ಚು ಬೇಕು. ಯೋಜಿಸುವುದೂ ಅನುಕರಣ, ಪರೀಕ್ಷಿಸುವುದೂ ಅನುಕರಣವಾದರೆ, ಅವರಿಬ್ಬರ ಸಮ್ಮತಿಗೆ ಮೊದಲಿದ್ದಷ್ಟು ಬೆಲೆಯೂ ಉಳಿಯದು. ನೀರಿನ ತೊಟ್ಟಿಯ ಅಳತೆಯನ್ನು ಶ್ರಮವೆಂದು ಕೈಬಿಡುವ ಕಾಲ ಇದಲ್ಲ.

ಜ್ಞಾನದ ಪ್ರಾಮಾಣ್ಯವು ಪ್ರವೃತ್ತಿಯ ಸಫಲತೆಯಿಂದ ತಿಳಿಯುವುದೆಂದು ನ್ಯಾಯಭಾಷ್ಯಕಾರನ ಮತ. ನೀರೆಂದು ತಿಳಿದು ಹೋದವನ ಬಾಯಾರಿಕೆ ತಣಿದರೆ ಅವನ ಜ್ಞಾನವು ಪ್ರಮೆ; ಬಿಸಿಲ್ಗುದುರೆಯಾದರೆ ಹಿಂದಿರುಗಿ ಬಂದಾನು. ಈ ಚಿಕಿತ್ಸೆಯಲ್ಲಿ ಹಿಂದಿರುಗುವ ಅವಕಾಶವಿಲ್ಲ. ಫಲವು ತಿಳಿಯುವುದು ವರ್ಷಗಳ ಮೇಲೆ; ತಪ್ಪಾಗಿದ್ದರೆ ಆಗ ಸೇರಿಹೋದ ಡೋಸನ್ನು ತೆಗೆಯುವ ಉಪಾಯವಿಲ್ಲ. ಆದುದರಿಂದಲೇ ಅಂಚನ್ನು, ಪ್ರಮಾಣದಿಂದ ಸಿದ್ಧವಾದಷ್ಟೇ ಕುಗ್ಗಿಸಬೇಕು. ಪಗಾನೆಟ್ಟಿಯವರ ಪಟ್ಟಿಕೆಯು ಎಷ್ಟು ಸಿದ್ಧವಾಯಿತು, ಎಷ್ಟು ಆಗಲಿಲ್ಲ ಎಂಬೆರಡನ್ನೂ ಹೇಳುತ್ತದೆ. ಮೊದಲನೆಯದನ್ನು ಓದಿ ಎರಡನೆಯದನ್ನು ಬಿಡುವವರ ತಪ್ಪು ಅವರದಲ್ಲ.

ಕೊನೆಯದಾಗಿ ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸುವವರಿಗೆ ಒಂದು ಸೂಚನೆ. ‘ಸಿಮ್ಯುಲೇಷನ್’ ಎಂಬುದಕ್ಕೆ ‘ಅನುಕರಣ’ವೆಂಬ ಪದವು ಸಮಂಜಸವಾಗಿದೆ, ಮೂಲವು ಬೇರೆಯಿದೆಯೆಂಬುದನ್ನು ಆ ಪದವೇ ನೆನಪಿಸುತ್ತದೆ. ಅನುಕರಣದಿಂದ ನಡೆಸುವ ‘ವೆರಿಫಿಕೇಷನ್’ ಎಂಬುದನ್ನು ಮಾತ್ರ ‘ಸತ್ಯಾಪನ’ವೆನ್ನದೆ ‘ಸಂವಾದಪರೀಕ್ಷೆ’ ಎಂದರೆ ಉಚಿತವೆಂದು ನಮಗೆ ತೋರುತ್ತದೆ. ಎರಡು ಲೆಕ್ಕಗಳು ಹೊಂದಿದುವೆಂಬುದು ಒಂದು ಮಾತು. ಲೆಕ್ಕವು ವಸ್ತುವಿಗೆ ಹೊಂದಿತೆಂಬುದು ಬೇರೊಂದು ಮಾತು. ವಿದ್ವಾಂಸರು ಇದನ್ನು ವಿಚಾರಮಾಡಿ, ತಪ್ಪಿದ್ದಲ್ಲಿ ತಿದ್ದಬೇಕೆಂದು ಪ್ರಾರ್ಥಿಸುತ್ತೇವೆ.